ಒಟಿಪಿ, ಹೆಬ್ಬೆಟ್ಟು, ಮುಖ, ಕ್ಯೂಆರ್: ಆಧಾರ್‌ನಲ್ಲಿ ಯಾವುದು ಯಾರಿಗೆ?

ಮನೆಯವರ ಕಾಗದಪತ್ರದ ಓಡಾಟವೆಲ್ಲ ನನ್ನದೇ. ಹಾಗಾಗಿ ಆಧಾರ್ ಮೂಲಕ ಗುರುತು ತೋರಿಸುವ ಈ ನಾಲ್ಕು ದಾರಿಗಳನ್ನೂ ಬಳಸಿದ್ದೇನೆ.

ಎಲ್ಲಕ್ಕಿಂತ ಸುಲಭ ಒಟಿಪಿ. ಕೆವೈಸಿ ಕೂತಲ್ಲೇ ಮುಗಿಯುತ್ತದೆ. ಆದರೆ ಅದರಿಂದ ತಿಳಿಯುವುದು ಆ ಸಿಮ್ ಯಾರ ಕೈಯಲ್ಲಿದೆ ಅನ್ನೋದಷ್ಟೇ. ಆಧಾರ್‌ಗೆ ಹಳೆ ನಂಬರ್ ಜೋಡಿಸಿ ಮರೆತವರಿಗೆ ಇದು ಉಪಯೋಗಕ್ಕೇ ಬಾರದು. 12 ಅಂಕಿಯ ಆಧಾರ್ ಬದಲು 16 ಅಂಕಿಯ ವರ್ಚುವಲ್ ಐಡಿ (ಆಧಾರ್ ನಂಬರ್ ತೋರಿಸದೆ ಕೊಡಬಹುದಾದ ಬದಲಿ ನಂಬರ್) ಒಪ್ಪುವ ಕಡೆ ನಾನು ಅದನ್ನೇ ಕೊಡುತ್ತೇನೆ.

ಹೆಬ್ಬೆಟ್ಟಿನ ಮಾತು ಬಂದರೆ ನನಗೆ ಸಿಟ್ಟು ಬರುತ್ತದೆ. ಅಮ್ಮ ಗದ್ದೆಯಲ್ಲಿ ಕಳೆ ಕಿತ್ತು, ಪಾತ್ರೆ ತಿಕ್ಕಿ ಬೆರಳ ಗೆರೆಗಳೇ ಸವೆದಿವೆ. ರೇಷನ್ ಅಂಗಡಿಯಲ್ಲಿ ಒಂದು ಬೆರಳು ಆಗದಿದ್ದರೆ ಇನ್ನೊಂದು. ಕೈ ತೊಳೆದು, ಒರೆಸಿ, ಮತ್ತೆ ಒತ್ತಬೇಕು. ಅಷ್ಟರಲ್ಲಿ ಸರ್ವರ್ ಹೋದರೆ ನಾಳೆ ಬನ್ನಿ ಅಂತಾರೆ. ಜಾಸ್ತಿ ದುಡಿದ ಕೈಗೇ ಅಕ್ಕಿ ತಡವಾಗುವುದು ಯಾವ ನ್ಯಾಯ? ಸುರಕ್ಷತೆಯ ಭಯವೂ ಇದೆ. 2023ರಲ್ಲಿ ನಮ್ಮ ರಾಜ್ಯದಲ್ಲೇ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು ನಕಲು ಮಾಡಿ ಜನರ ಖಾತೆಯಿಂದ ಹಣ ತೆಗೆದ ದೂರುಗಳು ಬಂದವು. ಅದಕ್ಕೇ ನನ್ನ ಬಯೋಮೆಟ್ರಿಕ್ ಅನ್ನು ಎಂಆಧಾರ್ ಆ್ಯಪ್‌ನಲ್ಲಿ ಲಾಕ್ ಮಾಡಿಟ್ಟಿದ್ದೇನೆ. ಬೇಕಾದಾಗ ಸ್ವಲ್ಪ ಹೊತ್ತು ತೆರೆದರಾಯಿತು.

ಅಪ್ಪನ ಪಿಂಚಣಿಯ ಜೀವನ್ ಪ್ರಮಾಣಕ್ಕೆ, ಅಂದರೆ ಪಿಂಚಣಿದಾರರು ಬದುಕಿದ್ದಾರೆ ಅನ್ನೋ ಡಿಜಿಟಲ್ ಪ್ರಮಾಣಪತ್ರಕ್ಕೆ, ಮುಖ ತೋರಿಸಿದೆವು. ಮೊದಲು ಫೋನ್ ಹಿಡಿದವರ ಮುಖ, ಆಮೇಲೆ ಪಿಂಚಣಿದಾರರದ್ದು. ಕಣ್ಣು ಮಿಟುಕಿಸಿದರೆ ಫೋಟೊ ತೆಗೆದುಕೊಳ್ಳುತ್ತದೆ. ಬೆಳಕು ಬೆನ್ನ ಹಿಂದಿದ್ದರೆ ಹಿಡಿಯುವುದಿಲ್ಲ, ಕಿಟಕಿಗೆ ಎದುರಾಗಿ ಕೂರಿಸಿ. ವಯಸ್ಸಾದವರಿಗೆ ನನ್ನ ಓಟು ಇದಕ್ಕೇ.

ಈ ಮೂರೂ ಆಧಾರ್ ಕೊಡುವ ಸಂಸ್ಥೆಯಾದ ಯುಐಡಿಎಐ ಡೇಟಾಬೇಸಿಗೆ ಹೋಗಿ ಉತ್ತರ ತರಬೇಕು. ಕಾರ್ಡಿನ ಕ್ಯೂಆರ್‌ಗೆ ಅದು ಬೇಡ. ಹೆಸರು, ವಿಳಾಸ, ಫೋಟೊ, ಜೊತೆಗೆ ಡಿಜಿಟಲ್ ಸಹಿ ಅದರೊಳಗೇ ಇವೆ. ಕಾರ್ಡ್ ಮೇಲಿನ ಹೆಸರು, ಫೋಟೊ ಯಾರು ಬೇಕಾದರೂ ತಿದ್ದಬಹುದು. ಒಳಗಿನದನ್ನು ತಿದ್ದಿದರೆ ಸಹಿ ತಾಳೆಯಾಗದೆ ಯುಐಡಿಎಐ ಸ್ಕ್ಯಾನರ್ ಆ್ಯಪ್‌ನಲ್ಲಿ ಸಿಕ್ಕಿಬೀಳುತ್ತದೆ. ಮೇಲಿನ ಮನೆ ಬಾಡಿಗೆಗೆ ಕೊಡುವಾಗ ನಾವು ಇದನ್ನೇ ಬಳಸಿದ್ದು. ಆದರೆ ಎದುರಿಗಿರುವ ಮನುಷ್ಯನೂ ಫೋಟೊದವನೂ ಒಬ್ಬನೇ ಅಂತ ನಾವೇ ನೋಡಿಕೊಳ್ಳಬೇಕು, ವಿಳಾಸ ಹಳೆಯದೂ ಇರಬಹುದು. ಇಷ್ಟು ಸುಲಭದ ದಾರಿ ಇರುವಾಗ ಲಾಡ್ಜ್‌ಗಳಲ್ಲಿ ಸುಮ್ನೆ ಜೆರಾಕ್ಸ್ ಯಾಕೆ ಬೇಕು? ಬಿಡದೆ ಕೇಳಿದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ.

ನಿಮ್ಮ ಆಧಾರ್ ಎಲ್ಲಿ, ಯಾವಾಗ ಪರಿಶೀಲನೆಯಾಯಿತು ಅನ್ನೋದು ಯುಐಡಿಎಐ ತಾಣದಲ್ಲಿ ಹಿಂದಿನ 6 ತಿಂಗಳವರೆಗೆ ಸಿಗುತ್ತದೆ. ಮನೆಯ ಹಿರಿಯರದ್ದನ್ನೂ ಅವರ ಜೊತೆ ಕೂತು ತೆಗೆದು ನೋಡಿ.