ಅವೆನ್ಯೂ ರಸ್ತೆಯ ಪಾಕೆಟ್ ನಿಘಂಟು: ‘ಕೈಂಡ್’ ಪದದಲ್ಲಿ ಫೇಲ್

ಬೆಂಗಳೂರಿನ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ನೂರು ರೂಪಾಯಿಯೊಳಗೆ ಸಿಗುವ ಇಂಗ್ಲಿಷ್–ಕನ್ನಡ ಪಾಕೆಟ್ ನಿಘಂಟಿನ ಯೋಗ್ಯತೆ ತಿಳಿಯಲು ‘ಕೈಂಡ್’ ಪದವೊಂದನ್ನು ತೆಗೆದು ನೋಡಿದರೆ ಸಾಕು. ಇದರಲ್ಲಿರುವುದು ಇಷ್ಟೇ: ‘ದಯಾಳು, ಬಗೆ, ವಿಧ’. ತಪ್ಪೇನಿಲ್ಲ. ಆದರೆ ಈ ಪದ ಒಂಟಿಯಾಗಿ ಓಡಾಡುವುದು ಕಮ್ಮಿ. ಪಕ್ಕದಲ್ಲಿ ಯಾರು ನಿಂತಿದ್ದಾರೆ ನೋಡಿಕೊಂಡು ಅರ್ಥ ಬದಲಿಸುತ್ತದೆ. ಅಂಥ ಜೋಡಿ ಒಂದೂ ಇಲ್ಲಿಲ್ಲ.

ಕರಾರು ಪತ್ರದಲ್ಲಿ ‘ಇನ್ ಕ್ಯಾಶ್ ಆರ್ ಕೈಂಡ್’ ಅಂದರೆ ನಗದಾಗಿ ಇಲ್ಲವೇ ವಸ್ತುರೂಪದಲ್ಲಿ: ದುಡ್ಡಿನ ಬದಲು ಅಕ್ಕಿ, ಬಟ್ಟೆ, ಚಿನ್ನ. ಈ ನಿಘಂಟನ್ನು ನಂಬಿದವರು ‘ದಯೆಯ ರೂಪದಲ್ಲಿ’ ಎಂದು ಬರೆದರೆ ಬೈಯುವಂತಿಲ್ಲ. ‘ರಿಪ್ಲೈಡ್ ಇನ್ ಕೈಂಡ್’ ಅಂದರೆ ಅದೇ ಧಾಟಿಯಲ್ಲಿ ಉತ್ತರ ಕೊಟ್ಟ ಅಂತ. ಬೈದವನಿಗೆ ಬೈಗುಳವೇ ವಾಪಸ್. ದಯೆಯ ಸುಳಿವೂ ಇಲ್ಲ.

‘ಕೈಂಡ್ ಆಫ್ ಟೈರ್ಡ್’? ಒಂಥರಾ ಸುಸ್ತು. ‘ಒಂದು ಥರ’ ಸವೆದು ‘ಒಂಥರಾ’ ಆದ ಹಾಗೇ ಇಂಗ್ಲಿಷಿನಲ್ಲೂ ‘ಕೈಂಡ್ ಆಫ್’ ಸವೆದು ‘ಕೈಂಡಾ’ ಆಗಿದೆ. ಬೆಂಗಳೂರಿನವರ ನಾಲಗೆ ತುದಿಯಲ್ಲೇ ಇರುವ ಈ ಪದ ಸಂಪಾದಕರಿಗೆ ಹೊಳೆಯದೇ ಹೋದದ್ದು ಸೋಜಿಗ.

‘ಕೈಂಡ್ಲಿ’ಗೆ ‘ದಯೆಯಿಂದ’ ಅಂತಿದೆ; ಪತ್ರದಲ್ಲಿ ಅದು ಬರೀ ‘ದಯವಿಟ್ಟು’. ‘ಪ್ಲೀಸ್’ ಜೊತೆ ಸೇರಿಸಬೇಡಿ, ಒಂದೇ ಸಾಕು. ‘ಫಾರ್ ಯುವರ್ ಕೈಂಡ್ ಅಟೆನ್ಷನ್’ಗೆ ನಮ್ಮ ಕಚೇರಿ ಕನ್ನಡದಲ್ಲಿ ‘ತಮ್ಮ ಅವಗಾಹನೆಗೆ’ ಇದೆ. ‘ಫಾರ್ ಯುವರ್ ಕೈಂಡ್ ಇನ್ಫರ್ಮೇಷನ್’ ಮಾತ್ರ ಜಗಳದಲ್ಲಿ ಬಂದರೆ ಶುದ್ಧ ಕುಟುಕು.

ವ್ಯಾಕರಣದ ಎರಡು ಸಾಲಿಗೂ ಜಾಗವಿತ್ತು. ‘ಈ ಥರದ ವಸ್ತುಗಳು’ ಅನ್ನುವಾಗ ನಮ್ಮ ‘ಈ’ ಬದಲಾಗುವುದಿಲ್ಲ, ಅದಕ್ಕೇ ‘ದೀಸ್ ಕೈಂಡ್ ಆಫ್ ಥಿಂಗ್ಸ್’ ಎಂದು ಎಡವುತ್ತೇವೆ. ‘ದಿಸ್ ಕೈಂಡ್ ಆಫ್ ಥಿಂಗ್’ ಅನ್ನಿ, ಇಲ್ಲವೇ ‘ದೀಸ್ ಕೈಂಡ್ಸ್ ಆಫ್ ಥಿಂಗ್ಸ್’. ನಾವು ಒಬ್ಬರ ‘ಮೇಲೆ’ ದಯೆ ತೋರಿಸುತ್ತೇವೆ. ಇಂಗ್ಲಿಷಿನಲ್ಲಿ ‘ಕೈಂಡ್ ಟು’, ‘ಆನ್’ ಅಲ್ಲ.

ದಯೆಗೂ ಬಗೆಗೂ ಏನು ನಂಟು? ಎರಡೂ ‘ಕಿನ್’, ಅಂದರೆ ಬಳಗ, ಎಂಬ ಪದದ ನೆಂಟರು. ಹಳೆಯ ಇಂಗ್ಲಿಷಿನಲ್ಲಿ ಅರ್ಥ ಹುಟ್ಟು, ಸಹಜ ಗುಣ. ನಮ್ಮ ‘ಜನ’, ‘ಜಾತಿ’ಗಳ ಸಂಸ್ಕೃತ ಧಾತು ‘ಜನ್’ ಕೂಡ ದೂರದ ದಾಯಾದಿ.

ಅಚ್ಚು ಸ್ಪಷ್ಟವಾಗಿದೆ, ಹೊಲಿಗೆಯಿಲ್ಲದ ಬರೀ ಅಂಟಿನ ಬೈಂಡಿಂಗ್. ಶಾಲೆ ಮಕ್ಕಳಿಗೆ ಸಾಕು, ಅನುವಾದಕ್ಕೆ ಬೇಡ. ಬದಲಿಗೆ ಕಿಟೆಲ್ ಕೇಳಬೇಡಿ. 1894ರ ಆ ನಿಘಂಟು ಕನ್ನಡದಿಂದ ಇಂಗ್ಲಿಷಿಗೆ. ಯಾವುದೇ ಇರಲಿ, ದುಡ್ಡು ಕೊಡುವ ಮುಂಚೆ ‘ಇನ್ ಕೈಂಡ್’ ಇದೆಯಾ ನೋಡಿ.