ಪಾರ್ಕಿನ ಎಲೆಗೊಬ್ಬರ ಶ್ರಮದಾನ: ಕೆಲಸ ಒಳ್ಳೆಯದು, ನೀರು ಸಾಲದು

ಜನವರಿಯಿಂದ ಮಾರ್ಚ್‌ವರೆಗೆ ಬೆಂಗಳೂರಿನ ಬೀದಿಗಳಲ್ಲಿ ಹೊಂಗೆ, ಮಳೆಮರದ ಎಲೆ ರಾಶಿ ಬೀಳುತ್ತದೆ. ಅದಕ್ಕೆ ಬೆಂಕಿ ಇಡುವುದನ್ನು ತಪ್ಪಿಸಿ, ಸ್ವಯಂಸೇವಕರ ಬಳಗವೊಂದು ಶ್ರಮದಾನದಿಂದ ಪಾರ್ಕಿನ ಮೂಲೆಯಲ್ಲೇ ಗೊಬ್ಬರ ಮಾಡುತ್ತಿದೆ. ಅಷ್ಟಕ್ಕೇ ಅವರಿಗೆ ಪೂರ್ತಿ ಅಂಕ.

ವಿಧಾನ ಸರಳ. 4 ಅಡಿ ಅಗಲ, 4 ಅಡಿ ಎತ್ತರದ ಜಾಲರಿ ಗೂಡು. ಒಂದಡಿ ಎಲೆ ತುಂಬಿ ತುಳಿಯಬೇಕು, ಸಗಣಿ ನೀರು ಅಥವಾ ಹುಳಿ ಮಜ್ಜಿಗೆ ಚಿಮುಕಿಸಬೇಕು, ಮತ್ತೆ ಎಲೆ. ಗುಟ್ಕಾ ಚೀಟಿ, ಪ್ಲಾಸ್ಟಿಕ್ ಆರಿಸುವುದರಲ್ಲಿ ಇವರು ಬಹಳ ಕಟ್ಟುನಿಟ್ಟು.

ಎಡವುವುದು ನೀರಿನಲ್ಲಿ. ಗೂಡು ತುಂಬಿದ ಮೇಲೆ ಪೈಪು ಹಿಡಿದರೆ ನೀರು ಅಂಚಿನಿಂದ ಜಾರಿಹೋಗುತ್ತದೆ. ಮೇಲೆ ಕಪ್ಪಗೆ ಕಂಡರೂ ಕೈ ಹಾಕಿದರೆ ನಡುವಿನ ಎಲೆ ಗರಿಗರಿ, ಒಳಗೆ ಇರುವೆ ಗೂಡು. ಪ್ರತಿ ಪದರವನ್ನೂ ಆಗಲೇ ನೆನೆಸಬೇಕು. ಹಿಡಿ ಎಲೆ ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆಯಲ್ಲ. ನಡುವೆ ತೂತು ಕೊರೆದ ಪಿವಿಸಿ ಪೈಪು ನಿಲ್ಲಿಸಿದರೆ ಗಾಳಿಯೂ ಆಡುತ್ತದೆ.

ಮಾವಿನ ಎಲೆ, ತೆಂಗಿನ ಗರಿಯನ್ನು ಕತ್ತರಿಸದೆ ಹಾಕುವುದು ಇನ್ನೊಂದು ತಪ್ಪು. ಹೊಂಗೆ ಮೂರ್ನಾಲ್ಕು ತಿಂಗಳಲ್ಲಿ ಪುಡಿಯಾದರೆ ಇವು ಹಾಗೇ ಉಳಿದು ಜರಡಿಗೆ ಸಿಕ್ಕಿಕೊಳ್ಳುತ್ತವೆ. ಇವಕ್ಕೆ ಬೇರೆ ಗೂಡು ಬೇಕೇ ಬೇಕು.