ಪಿಸ್ತೂಲಿಗಿಂತ ಮೊದಲು ಬೀಗದ ಡಬ್ಬ ಕೊಳ್ಳಿ: ಎಸ್‌ಡಿ9 ವಿಇ ಪಿಸ್ತೂಲಿನ ಜೊತೆ ಎರಡು ವರ್ಷ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಒಂದು ಜೋಡುನಳಿಗೆ ಕೋವಿ ಇದೆ. ತೋಟಕ್ಕೆ ಬರುವ ಮಂಗ, ಹಂದಿ ಓಡಿಸಲು ಅಜ್ಜನ ಕಾಲದಲ್ಲಿ ಲೈಸೆನ್ಸ್ ಮಾಡಿಸಿದ್ದು. ಚುನಾವಣೆ ಬಂದಾಗಲೆಲ್ಲ ಅಪ್ಪಯ್ಯ ಅದನ್ನು ಗೋಣಿಚೀಲದಲ್ಲಿ ಸುತ್ತಿ ಠಾಣೆಗೆ ಕೊಟ್ಟು, ರಸೀದಿ ಹಿಡಿದು, ಗೊಣಗುತ್ತಾ ಬರುತ್ತಾರೆ. ನಾನು ಅಮೆರಿಕದ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿ ಕಾರಿಗೆ ಅಂತ ಪಿಸ್ತೂಲು ಕೊಂಡೆ ಅಂದಾಗ ಅವರು ಕೇಳಿದ್ದು ಒಂದೇ: "ಅಲ್ಲಿ ಓಟಿನ ಟೈಮಲ್ಲಿ ಎಲ್ಲಿ ಕೊಡ್ತೀಯ ಮಾರಾಯ?"

ನನ್ನ ಕೆಲಸ ಆಸ್ಪತ್ರೆಗಳ ಎಕ್ಸ್‌ರೇ, ಸಿಟಿ ಮಷಿನ್ ರಿಪೇರಿ. ಐ-10 ಹೆದ್ದಾರಿ ಹಿಡಿದು ಸೊನೋರಾ, ಓಝೋನಾ, ಫೋರ್ಟ್ ಸ್ಟಾಕ್ಟನ್, ಕೆಲವೊಮ್ಮೆ ಎಲ್ ಪಾಸೋವರೆಗೂ ಹೋಗುತ್ತೇನೆ. ಅದು ಒಂದು ಕಡೆಗೇ ಹತ್ತಿರ ಹತ್ತಿರ 550 ಮೈಲಿ. ಒಮ್ಮೆ ಓಝೋನಾ ಹತ್ತಿರ ರಾತ್ರಿ 11ಕ್ಕೆ ಟೈರ್ ಒಡೆಯಿತು. ಸ್ಪೇರ್ ಟೈರಿನಲ್ಲೂ ಗಾಳಿ ಇರಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಎರಡು ಗಂಟೆ ಕಾರಲ್ಲೇ ಕೂತೆ. ಏನೂ ಆಗಲಿಲ್ಲ. ಒಬ್ಬ ಟ್ರಕ್ ಡ್ರೈವರ್ ನಿಲ್ಲಿಸಿ, ಗಾಳಿ ತುಂಬಿ, ಟೈರ್ ಹಾಕಿಕೊಟ್ಟು, ಕೊಟ್ಟ ದುಡ್ಡನ್ನೂ ಬೇಡ ಅಂದ. ಆದರೆ ಅವನು ಟಾರ್ಚ್ ಹಿಡಿದು ನನ್ನ ಕಡೆ ನಡೆದು ಬಂದ ಆ ಒಂದು ನಿಮಿಷ ತಲೆಯಿಂದ ಹೋಗಲಿಲ್ಲ. ಪಿಸ್ತೂಲು ಕೊಂಡಿದ್ದು ಅದಕ್ಕೇ. ಇದು ಸರಿಯಾದ ಕಾರಣವಾ ಅಂತ ಹೆಂಡತಿ ಇನ್ನೂ ಕೇಳುತ್ತಾಳೆ.

ಮೊದಲೇ ಒಂದು ಮಾತು. ಎಚ್-1ಬಿ ಕೆಲಸದ ವೀಸಾದಲ್ಲಿರುವ ಗೆಳೆಯರು ನಾವೂ ಕೊಳ್ಳಬಹುದಾ ಅಂತ ನನ್ನನ್ನು ಕೇಳುತ್ತಲೇ ಇರುತ್ತಾರೆ. ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಬಿಟ್ಟರೆ ಫೆಡರಲ್ ಕಾನೂನು ಅವರಿಗೆ ಬಂದೂಕು ಇಟ್ಟುಕೊಳ್ಳಲು ಬಿಡುವುದಿಲ್ಲ. ಗ್ರೀನ್ ಕಾರ್ಡ್ ಇದ್ದರೆ ಕೊಳ್ಳಬಹುದು, ನಾನು ಕೊಂಡಿದ್ದು ಹಾಗೆ. ಅಂಗಡಿಯಲ್ಲಿ 4473 ಅನ್ನುವ ಫಾರಂ ತುಂಬಬೇಕು. ಊರಿನ ಹೆಸರು, ಅಪ್ಪನ ಹೆಸರು, ನನ್ನ ಹೆಸರು ಸೇರಿ ನನ್ನದು ಒಂದು ಸಾಲು ಆಗುತ್ತದೆ. ಕೌಂಟರಿನ ಹುಡುಗ ಯಾವುದು ಸರ್‌ನೇಮ್ ಅಂತ ಮೂರು ಸಲ ಕೇಳಿದ. ಕೊಳ್ಳುವವರ ಹಿನ್ನೆಲೆಯ ತಪಾಸಣೆ ಅವತ್ತೇ ಮುಗಿಯಲಿಲ್ಲ, ಎರಡು ದಿನ ಬಿಟ್ಟು ಬಾ ಅಂದರು.

ನನ್ನ ಬಜೆಟ್ 350 ಡಾಲರ್. ಕಾರಿನಿಂದ ಕದ್ದು ಹೋಗಬಹುದಾದ ವಸ್ತುವಿಗೆ ಅದಕ್ಕಿಂತ ಜಾಸ್ತಿ ಹಾಕುವ ಮನಸ್ಸಿರಲಿಲ್ಲ. ನೋಡಿದ್ದರಲ್ಲಿ ಎಲ್ಲಕ್ಕಿಂತ ಅಗ್ಗ ಓಹಾಯೋದ ಹೈ-ಪಾಯಿಂಟ್ ಸಿ9. ಕೈಗೆ ತಗೊಂಡರೆ ಇಸ್ತ್ರಿಪೆಟ್ಟಿಗೆ. 29 ಔನ್ಸ್, ಅಂದರೆ 800 ಗ್ರಾಂ ದಾಟುತ್ತದೆ. ಅಷ್ಟು ತೂಕಕ್ಕೆ ಮ್ಯಾಗಝಿನ್‌ನಲ್ಲಿ, ಅಂದರೆ ಗುಂಡು ತುಂಬುವ ಗೂಡಿನಲ್ಲಿ, ಎಂಟೇ ಗುಂಡು. ಆದರೆ ಕಂಪನಿ ಜೀವಮಾನದ ವಾರಂಟಿ ಕೊಡುತ್ತದೆ, ನೀವು ಎರಡನೇ ಮಾಲೀಕರಾದರೂ. ಬ್ರೆಜಿಲ್‌ನ ಟಾರಸ್ ಜಿ3ಸಿ ಚಿಕ್ಕದು, ಚೊಕ್ಕ, 12 ಗುಂಡು. ನನ್ನ ಕೈ ದೊಡ್ಡದು, ಕಿರುಬೆರಳಿಗೆ ಜಾಗ ಸಾಲಲಿಲ್ಲ. ಪೊಲೀಸರು ಬಳಸಿ ಬಿಟ್ಟ ಗ್ಲಾಕ್ 22 ಮೇಲೆ ಆಸೆಯಿತ್ತು, ಅದು .40 ಅನ್ನುವ ದಪ್ಪ ಗುಂಡಿನದು. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ .40 ಬಿಟ್ಟು ಮತ್ತೆ 9 ಮಿಮೀ ಗುಂಡಿಗೆ ಹೋದ ಮೇಲೆ ತುಂಬ ಪೊಲೀಸ್ ಇಲಾಖೆಗಳು ಅದೇ ದಾರಿ ಹಿಡಿದವು. ಹಳೆಯವು ಅಂಗಡಿಗೆ ಬಂದವು. ನಾನು ನೋಡಿದ್ದರ ಮೇಲ್ಮೈ ಸವೆದಿತ್ತು, ಒಳಗೆ ಹೊಸದರಂತೆ ಇತ್ತು. ಕತ್ತಲಲ್ಲಿ ಹೊಳೆಯಬೇಕಾದ ಗುರಿಚುಕ್ಕಿಗಳು ಮಾತ್ರ ಸತ್ತಿದ್ದವು. ಅದರಲ್ಲಿರುವ ಟ್ರಿಟಿಯಂ ಅನ್ನುವ ವಿಕಿರಣಶೀಲ ಅನಿಲ ಹನ್ನೆರಡು ವರ್ಷ ಚಿಲ್ಲರೆಗೆ ಅರ್ಧ ಆಗುತ್ತದೆ. ಆದರೆ .40 ಗುಂಡಿನ ಬೆಲೆ ಜಾಸ್ತಿ, ಕೈಗೆ ಒದೆತವೂ ಜಾಸ್ತಿ. ಅಭ್ಯಾಸ ಮಾಡಲು ಬೇಜಾರಾಗುವ ಪಿಸ್ತೂಲು ನನಗೆ ಬೇಡ ಅನ್ನಿಸಿತು.

ಕೊನೆಗೆ ಕೊಂಡಿದ್ದು ಸ್ಮಿತ್ ಆಂಡ್ ವೆಸ್ಸನ್‌ನ ಎಸ್‌ಡಿ9 ವಿಇ, 9 ಮಿಮೀ ಗುಂಡಿನದು. 319 ಡಾಲರ್, ಅದರ ಮೇಲೆ ಶೇ. 8.25 ಟ್ಯಾಕ್ಸ್. ಎರಡು ಮ್ಯಾಗಝಿನ್, ಒಂದೊಂದಕ್ಕೆ 16 ಗುಂಡು. ಈಗ ಅದರ ಜಾಗಕ್ಕೆ ಎಸ್‌ಡಿ9 2.0 ಬಂದಿದೆ, ಹಾಗಾಗಿ ಹಳೆಯದು ಸೆಕೆಂಡ್ ಹ್ಯಾಂಡ್‌ನಲ್ಲಿ ಇನ್ನೂ ಅಗ್ಗ. ಇದರ ಹಿಂದಿನ ತಲೆಮಾರು 1994ರ ಸಿಗ್ಮಾ. ಅದು ಗ್ಲಾಕ್‌ಗೆ ಎಷ್ಟು ಹೋಲುತ್ತಿತ್ತು ಅಂದರೆ ಗ್ಲಾಕ್ ಕಂಪನಿ ಕೋರ್ಟಿಗೇ ಹೋಯಿತು. 1997ರಲ್ಲಿ ರಾಜಿಯಾಯಿತು.

ಗುಂಡು ಹಾರಿಸಿ ಅಭ್ಯಾಸ ಮಾಡುವ ರೇಂಜಿನಲ್ಲಿ ಇಲ್ಲಿಯವರೆಗೆ 600 ಗುಂಡು ಹಾರಿಸಿದ್ದೇನೆ. ಅತಿ ಅಗ್ಗದ ಗುಂಡಿನಿಂದ ಹಿಡಿದು ತುದಿ ಟೊಳ್ಳಾದ ದುಬಾರಿ ಹಾಲೋ ಪಾಯಿಂಟ್‌ವರೆಗೆ ಎಲ್ಲವನ್ನೂ ತಿಂದಿತು. ಸಿಕ್ಕಿಕೊಂಡಿದ್ದು ಒಂದೇ ಸಲ, ಅದೂ ನಾನು ಮಣಿಕಟ್ಟು ಸಡಿಲ ಬಿಟ್ಟಿದ್ದಕ್ಕೆ. ದೂರು ಒಂದೇ, ಟ್ರಿಗರ್. ಸುಮಾರು 8 ಪೌಂಡ್ ಎಳೆತ. ಉಪ್ಪಿನಕಾಯಿ ಜಾಡಿಯ ಬಿಗಿದ ಮುಚ್ಚಳ ತೆಗೆದ ಹಾಗೆ, ಎಳೆದು ಎಳೆದು ಕೊನೆಗೆ ತಟ್ಟನೆ. ಮೊದಲ 100 ಗುಂಡಿನಲ್ಲಿ ನನ್ನವೆಲ್ಲ ಎಡಕ್ಕೆ, ಕೆಳಕ್ಕೆ ಬಿದ್ದವು. ಹಗುರ ಸ್ಪ್ರಿಂಗ್ ಹಾಕಿಸಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಹಾಕಿಸಿಲ್ಲ. ಇದರಲ್ಲಿ ಬೆರಳಲ್ಲಿ ಒತ್ತುವ ಬೇರೆ ಸೇಫ್ಟಿ ಇಲ್ಲ. ಕಾರಿನಲ್ಲಿ ಕುಲುಕಾಡುವ ವಸ್ತುವಿಗೆ ಬಿಗಿ ಟ್ರಿಗರ್ ಇದ್ದರೇ ಒಳ್ಳೆಯದು ಅಲ್ವಾ? ಗಟ್ಟಿ ಹೋಲ್‌ಸ್ಟರ್, ಅಂದರೆ ಪಿಸ್ತೂಲಿನ ಒರೆ, ಇಲ್ಲದೆ ಅದನ್ನು ಕಾರಿನಲ್ಲಿ ಇಡಲೇಬೇಡಿ.

"ಕಾರಿನಲ್ಲಿ ಇಡುವ ಪಿಸ್ತೂಲು" ಅಂತ ಯೋಚಿಸಿದ್ದೇ ನನ್ನ ಮೊದಲ ತಪ್ಪು. ಮೊದಲ ತಿಂಗಳು ಅದನ್ನು ರಾತ್ರಿ ಹಗಲು ಕಾರಿನಲ್ಲೇ ಬಿಟ್ಟಿದ್ದೆ. ಒಂದು ಬೆಳಗ್ಗೆ ನೋಡಿದರೆ ನಮ್ಮ ಬೀದಿಯಲ್ಲಿ ನಾಲ್ಕು ಕಾರಿನ ಗಾಜು ಒಡೆದಿತ್ತು. ನನ್ನದು ಉಳಿದಿದ್ದು ಅದೃಷ್ಟ ಅಷ್ಟೇ. ಅವತ್ತಿನಿಂದ ಮನೆಗೆ ಬಂದು ನಾನು ಇಳಿದರೆ ಅದೂ ಇಳಿಯುತ್ತದೆ. ಮನೆಯಲ್ಲಿ ಒಂಬತ್ತು ವರ್ಷದ ಮಗ ಇದ್ದಾನೆ, ಹಾಗಾಗಿ ಒಳಗೂ ಬೀಗದಲ್ಲೇ. 17ರ ಒಳಗಿನ ಮಕ್ಕಳ ಕೈಗೆ ಗುಂಡು ತುಂಬಿದ ಬಂದೂಕು ಸಿಗುವ ಹಾಗೆ ಬಿಟ್ಟರೆ ಟೆಕ್ಸಾಸ್‌ನಲ್ಲಿ ಅಪರಾಧ. ಬೇಸಿಗೆಯ ಬಿಸಿಲು ಬೇರೆ. ನಿಲ್ಲಿಸಿದ ಕಾರಿನೊಳಗೆ ಎಣ್ಣೆ ಒಣಗುತ್ತದೆ, ಧೂಳು ಕೂರುತ್ತದೆ. ತಿಂಗಳಿಗೊಮ್ಮೆ ಒರೆಸಿ, ಎಣ್ಣೆ ಹಾಕಿ, ವರ್ಷಕ್ಕೊಮ್ಮೆ ಕಾರಿನ ಗುಂಡುಗಳನ್ನು ರೇಂಜಿನಲ್ಲಿ ಖಾಲಿ ಮಾಡಿ ಹೊಸವು ತುಂಬುತ್ತೇನೆ.

ಎಲ್ಲ ಕಡೆಗೂ ಒಯ್ಯಲು ಆಗುವುದೂ ಇಲ್ಲ. ಟೆಕ್ಸಾಸ್‌ನಲ್ಲಿ 2007ರಿಂದಲೇ ಸ್ವಂತ ಕಾರಿನಲ್ಲಿ ಲೈಸೆನ್ಸ್ ಇಲ್ಲದೆ ಪಿಸ್ತೂಲು ಒಯ್ಯಬಹುದು. ಆದರೆ ಕೆರ್‌ವಿಲ್‌ನಲ್ಲಿ ಮಾಜಿ ಸೈನಿಕರ ಆಸ್ಪತ್ರೆಯಿದೆ, ಅದು ಫೆಡರಲ್ ಜಾಗ. ಪಾರ್ಕಿಂಗ್‌ಗೂ ತರುವಂತಿಲ್ಲ. ಅಂಚೆ ಕಚೇರಿಯದ್ದೂ ಅದೇ ಕಥೆ. ಶಾಲೆಯ ಸುತ್ತ 1,000 ಅಡಿಗೆ ಬೇರೆ ಫೆಡರಲ್ ನಿಯಮ. ಹಾಗಾಗಿ ಆ ದಿನಗಳಲ್ಲಿ ಪಿಸ್ತೂಲು ಮನೆಯಲ್ಲೇ. ಎಲ್ ಪಾಸೋದಲ್ಲಂತೂ ನನಗೆ ಜಿಪಿಎಸ್ ಮೇಲೇ ನಂಬಿಕೆಯಿಲ್ಲ. ಒಂದು ಲೇನ್ ತಪ್ಪಿದರೆ ಸೇತುವೆ ದಾಟಿ ಮೆಕ್ಸಿಕೋ. ಅಲ್ಲಿ ಬಂದೂಕು ಸಿಕ್ಕರೆ ಜೈಲು.

ಉಳಿದ ದಿನ ಆಸ್ಪತ್ರೆಯೊಳಗೆ ಹೋಗುವಾಗ ಅದನ್ನು ಕಾರಿನಲ್ಲೇ ಬೀಗ ಹಾಕಿ ಇಡಲು ಬೇಕು ಡಬ್ಬ. ಮೊದಲು ಕೊಂಡಿದ್ದು 30 ಡಾಲರ್‌ನದು, ತೆಳು ಉಕ್ಕು, ಸೀಟಿನ ಕಾಲಿಗೆ ಸುತ್ತುವ ಕೇಬಲ್. ಒಂದು ಭಾನುವಾರ ಸುಮ್ನೆ ಕುತೂಹಲಕ್ಕೆ ಬೇಲಿ ಗಿಡ ಕತ್ತರಿಸುವ ಕತ್ತರಿಯಲ್ಲಿ ಕೇಬಲ್ ಹಿಚುಕಿ ನೋಡಿದೆ. ಮೂರನೇ ಹಿಚುಕಿಗೆ ತುಂಡಾಯಿತು. ಆಸ್ಪತ್ರೆಯೊಳಗೆ ನಾನು ಆರು ಗಂಟೆ ಇರುತ್ತೇನೆ, ಕಳ್ಳನಿಗೆ ಅರ್ಧ ನಿಮಿಷ ಸಾಕು. ಆಮೇಲೆ 140 ಡಾಲರ್ ಕೊಟ್ಟು ದಪ್ಪ ತಗಡಿನ, ನೆಲಕ್ಕೆ ಬೋಲ್ಟ್ ಹಾಕುವ ಡಬ್ಬ ತಂದೆ. ನಂಬರ್ ಒತ್ತಿ ತೆಗೆಯುವುದು, ಬ್ಯಾಟರಿ ಸತ್ತರೆ ಕೀಲಿಕೈ. ಎರಡು ವರ್ಷದಲ್ಲಿ ನಾನು ಕೊಂಡಿದ್ದರಲ್ಲಿ ಐದಕ್ಕೆ ಐದು ಕೊಡುವುದು ಇದಕ್ಕೇ. ಪಿಸ್ತೂಲಿಗೆ ನಾಲ್ಕು, ಆ ಒಂದು ಅಂಕ ಟ್ರಿಗರ್ ತಿಂದಿತು. ಎರಡಕ್ಕೂ ಬಜೆಟ್ ಸಾಲದಿದ್ದರೆ ಡಬ್ಬ ಈ ತಿಂಗಳು, ಪಿಸ್ತೂಲು ಮುಂದಿನ ತಿಂಗಳು.

ಡಬ್ಬ ಕೂರಿಸುವಾಗ ಮಾತ್ರ ನನ್ನ ಹಾಗೆ ಮಾಡಬೇಡಿ. ಸೀಟಿನ ಕೆಳಗೆ ಕಾರ್ಪೆಟ್ ಎತ್ತದೆ ಡ್ರಿಲ್ ಹಾಕಿದೆ. ಒಂದು ವೈರು ತಾಗಿ ಏರ್‌ಬ್ಯಾಗ್ ದೀಪ ಹತ್ತಿತು. ಅದನ್ನು ಆರಿಸಲು ಮೆಕ್ಯಾನಿಕ್ ತಗೊಂಡಿದ್ದು 110 ಡಾಲರ್.